ಸಾವಿಗೆ ಕಾರಣ: ‘ಮಾ’

ಬ್ಯಾಂಕಿನಲ್ಲಿ ಬಡ್ಡಿ ಎಣಿಸಿದವನಿಗೆ ಮರ ಬೆಳೆಸುವುದು ಸುಲಭ ಎಂದು ನಂಬಿದ್ದವನು ಇಡೀ ಉತ್ತರ ಕನ್ನಡ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಠೇವಣಿ ಇಟ್ಟರೆ ಬೆಳೆಯುತ್ತದೆ, ಸಸಿ ನೆಟ್ಟರೂ ಬೆಳೆಯುತ್ತದೆ. ಮೊದಲನೆಯದಕ್ಕೆ ಸಹಿ ಬೇಕು, ಎರಡನೆಯದಕ್ಕೆ ನೀರು. ನನ್ನ ಅರಣ್ಯಶಾಸ್ತ್ರ ಅಷ್ಟಕ್ಕೇ ಮುಗಿದಿತ್ತು. ಇಷ್ಟು ಪಾಂಡಿತ್ಯ ಕಟ್ಟಿಕೊಂಡು, ಸ್ವಯಂನಿವೃತ್ತಿ ತೆಗೆದುಕೊಂಡು, ಬೆಂಗಳೂರು ಬಿಟ್ಟು ಸಿದ್ದಾಪುರ ತಾಲೂಕಿನ ನಮ್ಮ ಹಳ್ಳಿಯಲ್ಲಿ ಬಂದು ಇಳಿದೆ.

ನಮ್ಮ ಕಡೆ ಅಡಿಕೆ ತೋಟದ ಹಿಂದೆ ಸೊಪ್ಪಿನ ಬೆಟ್ಟ ಇರುತ್ತದೆ. ಬ್ರಿಟಿಷರ ಕಾಲದಿಂದ ನಡೆದು ಬಂದ ಸೌಲಭ್ಯ ಅದು: ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ, ನೆಲ ಸರ್ಕಾರದ್ದು, ಸೊಪ್ಪು, ದರಕು (ಉದುರಿದ ಒಣ ಎಲೆ) ನಮ್ಮದು. ಅಜ್ಜ ಕಡಿದರು, ಅಪ್ಪ ಕಡಿದರು, ಕೊಟ್ಟಿಗೆಗೆ ಹಾಸಿದರು, ತೋಟಕ್ಕೆ ಹಾಕಿದರು. ನಾನು ಬರುವ ಹೊತ್ತಿಗೆ ನಮ್ಮ ಬೆಟ್ಟದ ತಲೆಯಲ್ಲಿ ಕೂದಲು ನನ್ನ ತಲೆಯಲ್ಲಿದ್ದಷ್ಟೇ ಉಳಿದಿತ್ತು. ಅದರ ಒಂದು ಮೂಲೆಯನ್ನಾದರೂ ಮತ್ತೆ ಮಳೆಕಾಡು ಮಾಡಿಯೇ ತೀರುತ್ತೇನೆ ಎಂದು ಊಟದ ಹೊತ್ತಿನಲ್ಲಿ ಘೋಷಿಸಿದೆ. “ಮೊದ್ಲು ಅಂಗಳದ ತುಳಸಿ ಬದುಕ್ಲಿ” ಎಂದಳು ಹೆಂಡತಿ. ಆಯಿ ಏನೂ ಹೇಳದೆ ಮಜ್ಜಿಗೆ ಬಡಿಸಿದಳು. ಆಯಿ ಏನೂ ಹೇಳದಿದ್ದರೆ ಅದು ಒಪ್ಪಿಗೆ ಅಲ್ಲ ಎಂಬುದು ಎಂಬತ್ತು ದಾಟಿದ ತಾಯಿ ಇರುವ ಮಕ್ಕಳಿಗೆಲ್ಲ ಗೊತ್ತು.

ಇದೇ ಹೊತ್ತಿಗೆ ತಂಗಿಯ ಮಗಳು, ಅಂದರೆ ನನ್ನ ಸೋದರಸೊಸೆ, ನಮ್ಮನೆಯಲ್ಲಿ ಉಳಿಯಲು ಬಂದಳು. ಮೈಸೂರಿನಲ್ಲಿ ಬೆಳೆದ ಹುಡುಗಿ. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯ ಬದಿಯ ಕತ್ತಲೆಕಾನಿನಲ್ಲಿ ಸಂಶೋಧನೆ. ವಿಷಯ, ಮಳೆಕಾಡಿನ ಎಳೆಮರಗಳು ಬೆಳೆಯುವುದಕ್ಕೆ ಯಾವುದು ಕಾರಣ, ಬೆಳೆಯದೇ ಇರುವುದಕ್ಕೆ ಯಾವುದು ಕಾರಣ.

“ಅಲ್ಲ ಕೂಸೇ, ಇದಕ್ಕೆ ಪಿಎಚ್‌.ಡಿ. ಯಾಕೆ? ಬಿಸಿಲು, ನೀರು, ಗೊಬ್ಬರ. ಒಂದು ಪೋಸ್ಟ್ ಕಾರ್ಡಿನಲ್ಲಿ ಮುಗಿಯುತ್ತದಲ್ಲ” ಎಂದೆ.

“ಹಾಗಾದರೆ ನೀವೂ ಬನ್ನಿ ಮಾವ. ಟೇಪು ಹಿಡಿಯಲು ಒಬ್ಬರು ಬೇಕು” ಎಂದಳು. ಅವಳ ಸಂಶೋಧನೆಗೆ ಬಂದ ಅತಿ ದೊಡ್ಡ ಹಿನ್ನಡೆ ಆ ಒಂದು ವಾಕ್ಯದಿಂದ ಶುರುವಾಯಿತು.

ಆದರೆ ಕಾಡಿಗೆ ಹೋಗುವ ಮೊದಲೇ ನಾನು ಮನೆಯಲ್ಲಿ ಕೆಲಸ ಶುರುಮಾಡಿದ್ದೆ. ಮಳೆ ಹಿಡಿಯುವ ಹೊತ್ತಿಗೆ ಧೂಪದ ಮರದಡಿ ಬೀಜ ಬೀಳುತ್ತವೆ. ಕೈತುಂಬುವ ಗಾತ್ರ, ಒಳಗೆ ಕೊಬ್ಬು ತುಂಬಿದ ಬೇಳೆ. ಹಿಂದೆ ಅದರಿಂದ ಎಣ್ಣೆಯನ್ನೂ ತೆಗೆಯುತ್ತಿದ್ದರು. ಎರಡು ಬುಟ್ಟಿ ಆರಿಸಿ ತಂದೆ. ರೈತನ ಮಗನಲ್ಲವೇ, ಬೀಜ ಕಾಪಿಡುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಹರಡಿ, ಗಟ್ಟಿಯಾಗುವವರೆಗೆ ಒಣಗಿಸಿ, ಬೂದಿ ಬೆರೆಸಿ, ಡಬ್ಬಿಗೆ ತುಂಬಿ, ಮೇಲೆ ಚೀಟಿ ಅಂಟಿಸಿ, ತಾರೀಖು ಬರೆದು, ಅಭ್ಯಾಸಬಲದಿಂದ ಸಹಿಯನ್ನೂ ಹಾಕಿಟ್ಟೆ. ಜೋರು ಮಳೆ ಕಳೆದು ದೀಪಾವಳಿ ಮುಗಿದ ಮೇಲೆ ಒಳ್ಳೆಯ ದಿನ ನೋಡಿ ಮಣ್ಣು ತುಂಬಿದ ಕೊಟ್ಟೆಗಳಲ್ಲಿ ಹಾಕಿದೆ. ಒಂದೂ ಏಳಲಿಲ್ಲ.

ಸೊಸೆ ಬಂದು ಡಬ್ಬಿ ನೋಡಿದಳು. “ಒಣಗಿಸಿದಿರಾ?” ಎಂದು ಕೇಳಿದ ದನಿಯಲ್ಲಿ ಪೊಲೀಸಿನವರ ಸೌಜನ್ಯ ಇತ್ತು. ಭತ್ತ, ಹೆಸರು, ಅಲಸಂದೆಯ ಬೀಜ ಒಣಗಿ ನಿದ್ದೆ ಹೋಗುತ್ತವಂತೆ, ಬೇಕಾದಾಗ ಎಬ್ಬಿಸಬಹುದು. ಧೂಪದಂಥ ಮಳೆಕಾಡಿನ ದಪ್ಪ ಬೀಜಗಳಿಗೆ ನಿದ್ದೆ ಮಾಡುವ ವಿದ್ಯೆ ಬರುವುದಿಲ್ಲ. ಬಿದ್ದ ಕೂಡಲೇ ಮೊಳೆಯಬೇಕು, ಒಳಗಿನ ತೇವ ಆರಿತೋ ಜೀವವೂ ಆರಿತು. ನಾನು ಅಟ್ಟದ ಮೇಲೆ ಮಾಡಿದ್ದು ಬೀಜ ಸಂರಕ್ಷಣೆಯಲ್ಲ, ಸಾಮೂಹಿಕ ದಹನ.

ಆಯಿ ಹಿತ್ತಿಲ ಬಾಗಿಲಲ್ಲಿ ನಿಂತು ಹೇಳಿದಳು: “ತಮಾ, ಒಣ್ಗಿಸಿ ಡಬ್ಬಿಲಿ ಇಟ್ಗಂಬಲೆ ಅದೆಂತ ಭತ್ತನಾ?”

ಮುಂದಿನ ಮಳೆಗಾಲದಲ್ಲಿ ಹಸಿ ಬೀಜವನ್ನೇ ಹಾಕಿದೆ. ಎದ್ದವು. ಎಂಥಾ ಸಸಿಗಳು! ತಾಮ್ರದ ಬಣ್ಣದ ಚಿಗುರು. ಕಂಡವರನ್ನೆಲ್ಲ ಕರೆದು ತೋರಿಸಿದೆ, ಅಂಚೆಯವನನ್ನೂ ಬಿಡಲಿಲ್ಲ. ಈಗ ಎಲ್ಲಿ ನೆಡುವುದು ಎಂಬ ಪ್ರಶ್ನೆ. ನಾನು ಭಾವುಕ ಮನುಷ್ಯ. ಬೆಟ್ಟದ ಅಂಚಿನಲ್ಲಿ ಒಂದು ದೊಡ್ಡ ಧೂಪದ ಮರವಿದೆ, ಬೀಜ ಬಿದ್ದದ್ದು ಅದರಿಂದಲೇ. ತಾಯಿಯ ಮಡಿಲಿಗಿಂತ ಸುರಕ್ಷಿತ ಜಾಗ ಯಾವುದಿದೆ ಎಂದುಕೊಂಡು ಅರ್ಧದಷ್ಟನ್ನು ಅದರ ಬುಡದ ಸುತ್ತ ಒತ್ತೊತ್ತಾಗಿ ನೆಟ್ಟೆ. ನೆಡುವಾಗ ಕಣ್ಣು ತೇವವಾಗಿದ್ದೂ ನಿಜ. ಮಳೆ ನಿಲ್ಲುವುದರೊಳಗೆ ಕೆಲವು ಬುಡದಲ್ಲಿ ಕೊಳೆತು ಮಲಗಿದವು, ಉಳಿದವುಗಳ ಎಲೆ ಹುಳದ ಪಾಲಾಯಿತು.

ಇದಕ್ಕೂ ಹೆಸರಿದೆಯಂತೆ. 1970ರಲ್ಲಿ ಡೇನಿಯಲ್ ಜಾನ್ಸೆನ್, 1971ರಲ್ಲಿ ಜೋಸೆಫ್ ಕಾನೆಲ್ ಎಂಬಿಬ್ಬರು ಬೇರೆಬೇರೆಯಾಗಿ ಒಂದೇ ಮಾತು ಹೇಳಿದರು. ದೊಡ್ಡ ಮರದ ಬುಡದಲ್ಲಿ ಆ ಜಾತಿಯನ್ನೇ ತಿಂದು ಬದುಕುವ ಕೀಟ, ಬೂಷ್ಟು, ರೋಗಗಳೆಲ್ಲ ಮೊದಲೇ ಬಿಡಾರ ಹೂಡಿರುತ್ತವೆ. ತಾಯಿಗೆ ಅವುಗಳ ಕಾಟ ತಡೆಯುವ ಶಕ್ತಿ ಇದೆ, ಮರಿಗೆ ಇಲ್ಲ. ಹಾಗಾಗಿ ದೂರ ಹೋದ ಬೀಜವೇ ಬದುಕುವುದು, ಬುಡದಲ್ಲಿ ತೆರವಾದ ಜಾಗಕ್ಕೆ ಬೇರೆ ಜಾತಿಯ ಮರ ಬರುವುದು. ಒಂದೇ ಎಕರೆಯಲ್ಲಿ ಅಷ್ಟೊಂದು ಬಗೆಯ ಮರ ಮಳೆಕಾಡಿನಲ್ಲಿ ಕಾಣುವುದಕ್ಕೆ ಇದೂ ಒಂದು ಕಾರಣ. ನಮ್ಮ ರಾಂಪತ್ರೆಯ ದೂರದ ನೆಂಟ ವಿರೋಲಾ ಎಂಬ ಮರ ಪನಾಮಾದಲ್ಲಿದೆ. ಅದರ ಬುಡದಲ್ಲೇ ಬಿದ್ದ ಬೀಜಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಹನ್ನೆರಡು ವಾರದೊಳಗೆ ಸತ್ತವು, ಬಹುಪಾಲು ಒಂದು ಜಾತಿಯ ಸೊಂಡಿಲು ಹುಳದ ಬಾಯಿಗೆ. ಟೂಕನ್‌ನಂಥ ಹಕ್ಕಿಗಳು 45 ಮೀಟರು ದೂರ ಒಯ್ದು ಉಗುಳಿದ ಬೀಜಗಳ ಗತಿ ಎಷ್ಟೋ ಪಾಲು ಮೇಲಾಗಿತ್ತು. ನಮ್ಮಲ್ಲಿ ಆ ಕೆಲಸ ಮಂಗಟ್ಟೆಯದು. ಹಣ್ಣು ಒಡೆದಾಗ ಕಾಣುವ ಕೆಂಪು ಪತ್ರೆಯ ಆಸೆಗೆ ರಾಂಪತ್ರೆಯನ್ನು ನುಂಗುತ್ತದೆ, ದೂರ ಹಾರಿ ಬೀಜ ಕಾರುತ್ತದೆ. ಅದೇ ಕೆಂಪು ಪತ್ರೆಗೆ ಪೇಟೆಯಲ್ಲಿ ಒಳ್ಳೆಯ ದರ ಇರುವುದರಿಂದ ಮಂಗಟ್ಟೆಗಿಂತ ಮೊದಲು ನಾವೇ ಮರ ಹತ್ತುತ್ತೇವೆ. ನಾವು ಬೀಜ ಕಾರುವುದು ಅಂಗಳದಲ್ಲಿ.

ತಾಯಿಯಿಂದ ದೂರ ಹೋದರೇನೇ ಮಕ್ಕಳು ಉದ್ಧಾರ ಎಂಬ ಈ ಸಿದ್ಧಾಂತವನ್ನು ರಾತ್ರಿ ಜಗಲಿಯಲ್ಲಿ ಆಯಿಗೆ ವಿವರಿಸಿದೆ. ಕವಳ ಹಾಕುತ್ತ ಪೂರ್ತಿ ಕೇಳಿದಳು. “ಅದ್ಕೇಯ ನಿನ್ನ ಬೆಂಗ್ಳೂರಿಗೆ ಕಳ್ಸಿದ್ದು” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ನೀ ತಿರುಗಿ ಬಂದ್ಯಲ” ಎಂದಳು.

ಉಳಿದರ್ಧದಲ್ಲಿ ಕೆಲವನ್ನು ಬಿಟ್ಟು ಎಲ್ಲವನ್ನೂ ತಾಯಿಯಿಂದ ದೂರ, ಬೆಟ್ಟದ ನೆತ್ತಿಯಲ್ಲಿ, ಒಂದು ಎಲೆಯ ನೆರಳೂ ಬೀಳದ ಬಯಲಲ್ಲಿ ನೆಟ್ಟೆ. ಬಿಸಿಲು ಧಾರಾಳವಾಗಿ ಸಿಗಲಿ ಎಂದು. ಸಿಕ್ಕಿತು. ವಾರದೊಳಗೆ ಎಲೆಗಳು ಬೆಳ್ಳಗಾಗಿ, ಆಮೇಲೆ ಕಂದಾಗಿ, ಆಮೇಲೆ ಇಲ್ಲವಾದವು. ನೆರಳಲ್ಲಿ ಹುಟ್ಟಿದ ಎಲೆ ಅಷ್ಟು ಬೆಳಕನ್ನು ಅರಗಿಸಿಕೊಳ್ಳಲಾರದು, ಹೆಚ್ಚಾದದ್ದು ಅದರೊಳಗಿನ ಯಂತ್ರವನ್ನೇ ಸುಡುತ್ತದೆ ಎಂದು ಸೊಸೆ ಹೇಳಿದಳು. ಸರಿ, ಹಾಗಾದರೆ ನೆರಳು. ಕೊನೆಗುಳಿದ ಕೆಲವನ್ನು ದಟ್ಟ ಮರಗಳ ಕೆಳಗೆ ನೆಟ್ಟೆ. ಸಾಯಲಿಲ್ಲ. ಬೆಳೆಯಲೂ ಇಲ್ಲ. ದಿನಾ ಬೆಳಿಗ್ಗೆ ಸ್ಕೇಲು ಹಿಡಿದು ಹೋಗುತ್ತಿದ್ದೆ, ಸ್ಕೇಲೇ ಸವೆಯಿತು.

ತಾಳ್ಮೆ ನನಗೆ ಎಂದೂ ಇರಲಿಲ್ಲ. ಆಳು ಕರೆಸಿ ಮೇಲಿನ ಕೊಂಬೆಗಳ ಸೊಪ್ಪು ಸವರಿಸಿ, ಬೆಳಕಿಗೆ ದೊಡ್ಡ ಕಿಟಕಿಯನ್ನೇ ತೆಗೆಸಿದೆ. ಅದರಡಿ ಎದ್ದ ಹಸಿರು ನೋಡಿ ಗೆದ್ದೆ ಎಂದುಕೊಂಡೆ. ಅದು ಯುಪಟೋರಿಯಂ ಕಳೆ. ಹಿಂದೆಯೇ ಲಂಟಾನ. ಅದರ ಹಿಂದೆ ಹೆಸರು ಗೊತ್ತಿಲ್ಲದ ಬಳ್ಳಿಗಳು. ನಿದ್ದೆ ಬರುವ ಬೀಜಗಳೂ ಕಾಡಿನಲ್ಲಿವೆ ಎಂಬುದು ಆಗ ತಿಳಿಯಿತು. ಬಯಲು ಬಯಸುವ ಗಿಡಮರಗಳ ಸಣ್ಣಸಣ್ಣ ಬೀಜಗಳು ಮಣ್ಣಿನಲ್ಲಿ ಮಲಗಿರುತ್ತವೆ. ಮೇಲಿನ ಎಲೆಗಳು ಬೆಳಕಿನ ಕೆಂಪನ್ನು ಹೀರಿಕೊಂಡು ಕಣ್ಣಿಗೆ ಅಷ್ಟಾಗಿ ಕಾಣದ ದೂರಗೆಂಪನ್ನು ಕೆಳಗೆ ಬಿಡುತ್ತವೆ. ಅವೆರಡರ ಪ್ರಮಾಣ ನೋಡಿ ಮೇಲೆ ಸೂರಿದೆಯೋ ಇಲ್ಲವೋ ಎಂದು ಬೀಜ ಲೆಕ್ಕ ಹಾಕುತ್ತದೆ. ಸೂರು ಹಾರಿತು ಎಂದು ಗೊತ್ತಾದ ಕ್ಷಣ ಏಳುತ್ತದೆ. ಸೂರು ಹಾರಿಸಿದವನು ನಾನು, ಎದ್ದವರು ಅವರು, ನಡುವೆ ಉಸಿರುಗಟ್ಟಿದ್ದು ನನ್ನ ಧೂಪ.

ಕತ್ತಲೆಕಾನಿನ ಸಾಹಸವನ್ನು ಇಲ್ಲಿ ಹೇಳಿಬಿಡಬೇಕು. ಅದು ಸಾಮಾನ್ಯ ಕಾಡಲ್ಲ. ವರ್ಷವಿಡೀ ನೀರು ಜಿನುಗುವ, ಜಾಜಿಕಾಯಿ ಕುಲದ ಮರಗಳ ಜೌಗು. ಕೆಸರಿನಲ್ಲಿ ಉಸಿರಾಡಲು ಆ ಮರಗಳ ಬೇರುಗಳು ನೆಲದಿಂದ ಮೊಣಕಾಲು ಮಡಚಿ ಮೇಲೆದ್ದಿರುತ್ತವೆ. ಬೇರೆ ಬಹಳಷ್ಟು ಜಾತಿಯ ಸಸಿಗಳು ಅಲ್ಲಿ ಬೇರು ಕೊಳೆತು ಸಾಯುತ್ತವೆ. 2000ದಲ್ಲಿ ವಿಜ್ಞಾನಕ್ಕೆ ಹೊಸದೆಂದು ಗುರುತಿಸಿದ ಒಂದು ಮರಕ್ಕೆ ಈ ಊರಿನ ಹೆಸರನ್ನೇ ಇಟ್ಟಿದ್ದಾರೆ: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಬೆರಳೆಣಿಕೆಯ ದೊಡ್ಡ ಮರಗಳು. ಆ ಪವಿತ್ರ ನೆಲಕ್ಕೆ ಪ್ರವೇಶಿಸಿದ ಐದನೇ ನಿಮಿಷಕ್ಕೆ ನಾನು ಒಂದು ಮೊಣಕಾಲು ಬೇರಿಗೆ ನನ್ನ ಮೊಣಕಾಲು ಕೊಟ್ಟು ಕೆಸರಿನಲ್ಲಿ ಸಾಷ್ಟಾಂಗ ಹಾಕಿದೆ. ಎದ್ದಾಗ ಮೈಮೇಲೆ ಉಂಬಳ. ಸುಣ್ಣ ತಂಬಾಕಿನ ಗಂಟು ಮನೆಯಲ್ಲಿ ಉಳಿದಿತ್ತು.

“ಮಾವ, ಎಡಗಾಲು ಎತ್ತಿ. ನಿಧಾನ. ಅದರ ಕೆಳಗೆ ಇಪ್ಪತ್ತನಾಲ್ಕನೇ ನಂಬರು ಇದೆ” ಎಂದಳು ಸೊಸೆ.

ಎತ್ತಿ ನೋಡಿ, “ಇತ್ತು” ಎಂದೆ.

ಅವಳು ಏನೂ ಅನ್ನದೆ ಪುಸ್ತಕದಲ್ಲಿ ಬರೆದುಕೊಂಡಳು. ಒಂದೊಂದು ಸಸಿಗೂ ಅಲ್ಯೂಮಿನಿಯಂ ಬಿಲ್ಲೆ, ಬುಡದ ದಪ್ಪಕ್ಕೆ ಕ್ಯಾಲಿಪರು, ಎತ್ತರಕ್ಕೆ ಟೇಪು. ನಾನು ಓದಿ ಹೇಳುವುದು, ಅವಳು ಬರೆಯುವುದು. ಮಿಲಿಮೀಟರನ್ನು ಸೆಂಟಿಮೀಟರು ಎಂದು ಓದಿ ಒಂದು ಸಾಲಿನಷ್ಟು ಸಸಿಗಳನ್ನು ಅರ್ಧ ತಾಸಿನಲ್ಲಿ ಹೆಮ್ಮರ ಮಾಡಿದ್ದೆ. ನನ್ನ ಬೆಟ್ಟದಲ್ಲಿ ಆಗದ್ದು ಅಲ್ಲಿ ಆಯಿತು.

ಮಳೆ ಕಳೆದ ಮೇಲಿನ ಅಳತೆಯಲ್ಲಿ ಇನ್ನೊಂದು ಘಟನೆ. ಕಾಡೊಳಗೆ ಮಬ್ಬು, ಮೈಯೆಲ್ಲ ಒದ್ದೆ. ಒಂದು ಕಡೆ ಮಾತ್ರ ಮೇಲಿನಿಂದ ಕೊಡೆಯಗಲದ ಬಿಸಿಲು ಬಿದ್ದಿತ್ತು. ದೇವರು ಕೊಟ್ಟದ್ದೆಂದು ಅಲ್ಲಿ ನಿಂತು ಅಂಗಿ ಒಣಗಿಸತೊಡಗಿದೆ. “ಮಾವ, ನೀವು ಅದರ ಊಟಕ್ಕೆ ಅಡ್ಡ ನಿಂತಿದ್ದೀರಿ” ಎಂದಳು. ಮಳೆಕಾಡಿನ ನೆಲಕ್ಕೆ ಇಳಿಯುವ ಬೆಳಕು ಮೇಲಿನದರ ನೂರರಲ್ಲಿ ಒಂದೆರಡು ಪಾಲು. ಎಲೆಗಳ ಸಂದಿಯಿಂದ ಹೀಗೆ ನಾಲ್ಕು ನಿಮಿಷ ಜಾರಿ ಹೋಗುವ ಬಿಸಿಲ ಚುಕ್ಕೆಯೇ ಸಸಿಯ ದಿನದ ದುಡಿಮೆಯ ದೊಡ್ಡ ಪಾಲು. ನಾನು ಸರಿದಾಗ ಚುಕ್ಕೆಯೂ ಸರಿದಿತ್ತು. ಅಂಗಿಯೂ ಒಣಗಿರಲಿಲ್ಲ.

ಸಂಜೆ ಅವಳ ಪುಸ್ತಕ ತಿರುವಿದೆ. ‘ಸಾವಿಗೆ ಕಾರಣ’ ಎಂಬ ಕಲಂ ಇತ್ತು. ಕೊಂ ಅಂದರೆ ಕೊಂಬೆ ಬಿದ್ದು, ಕೀ ಅಂದರೆ ಕೀಟ, ಬೂ ಅಂದರೆ ಬೂಷ್ಟು, ಒ ಅಂದರೆ ಒಣಗಿ. ಕೆಲವು ನಂಬರಿನ ಮುಂದೆ ‘ಮಾ’ ಎಂದಿತ್ತು.

“ಇದೇನು ಕೂಸೇ, ಮಾನವನಿಂದ ಎಂದೇ?”

“ಅಲ್ಲ. ಮಾವನಿಂದ.”

ಇಷ್ಟಾದರೂ ನಾನು ಕೈಬಿಡಲಿಲ್ಲ. ಬೆಟ್ಟಕ್ಕೆ ಮರಳಿ, ಸ್ವಚ್ಛತೆ ಇಲ್ಲದಿರುವುದೇ ಎಲ್ಲ ರೋಗಕ್ಕೂ ಮೂಲ ಎಂದು ತೀರ್ಮಾನಿಸಿ, ಸಸಿಗಳ ಸುತ್ತ ದರಕು ಗುಡಿಸಿ, ನೆಲವನ್ನು ಸಾರಿಸಿದ ಅಂಗಳ ಮಾಡಿದೆ. ಮೇಲಿಂದ ಒಂದೊಂದು ಮುಷ್ಟಿ ಯೂರಿಯಾ, ಪ್ರೀತಿ ಹೆಚ್ಚಾದಲ್ಲಿ ಎರಡು. ಪ್ರೀತಿ ಹೆಚ್ಚಾದವು ಮೊದಲು ಸತ್ತವು, ಬೇರು ಸುಟ್ಟು. ನಮ್ಮ ಘಟ್ಟದ ಮಣ್ಣಿನ ಸಾರವನ್ನು ಮಳೆ ತೊಳೆದೊಯ್ದು ಎಷ್ಟೋ ಕಾಲವಾಗಿದೆ. ಕಾಡಿನ ಆಸ್ತಿ ಇರುವುದು ಮೇಲಿನ ಒಂದು ಗೇಣಿನಲ್ಲಿ, ಕೊಳೆಯುವ ಎಲೆಯಲ್ಲಿ. ಬೇರಿಗೆ ಅಂಟಿಕೊಂಡ ಶಿಲೀಂಧ್ರದ ಎಳೆಗಳು ಅದರಿಂದ ರಂಜಕ ಹುಡುಕಿ ತಂದು ಗಿಡಕ್ಕೆ ಕೊಟ್ಟು ಬದಲಿಗೆ ಸಕ್ಕರೆ ಪಡೆಯುತ್ತವೆ. ಈ ವ್ಯವಹಾರದ ಕಚೇರಿಯನ್ನೇ ನಾನು ಹಿಡಿಸೂಡಿಯಿಂದ ಗುಡಿಸಿ ಗೊಬ್ಬರಗುಂಡಿಗೆ ಹಾಕಿದ್ದೆ. ಉಳಿದವನ್ನು ಬೇಸಿಗೆ ನೋಡಿಕೊಂಡಿತು. ಮಳೆಕಾಡಿನ ಸಸಿ ಬಾಯಾರಿ ಸಾಯುತ್ತದೆ ಎಂದರೆ ಬೆಂಗಳೂರಿನ ಗೆಳೆಯರು ನಂಬುವುದಿಲ್ಲ. ವರ್ಷಕ್ಕೆ 7000 ಮಿ.ಮೀ. ದಾಟುವ ಆಗುಂಬೆಯಲ್ಲೂ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದು ಮುಗಿಯುತ್ತದೆ. ಆಮೇಲಿನ ಒಣ ತಿಂಗಳುಗಳನ್ನು ಗೇಣುದ್ದದ ಬೇರಿನ ಸಸಿ ದಾಟಬೇಕಾದರೆ ದರಕಿನ ಹೊದಿಕೆಯಡಿ ತೇವ ಇರಬೇಕು. ಹೊದಿಕೆ ತೆಗೆದವನು ಯಾರೆಂದು ಮತ್ತೆ ಹೇಳುವುದಿಲ್ಲ.

ಜೀವವಿರುವ ಗಿಡ ನೆಟ್ಟರೆ ತಾನೇ ಸಾಯುವುದು? ಕೋಸ್ಟರಿಕಾದ ಲಾ ಸೆಲ್ವಾ ಕಾಡಿನಲ್ಲಿ ಡೆಬೊರಾ ಮತ್ತು ಡೇವಿಡ್ ಕ್ಲಾರ್ಕ್ ಎಂಬ ದಂಪತಿ ಪಾನೀಯ ಹೀರುವ ಪ್ಲಾಸ್ಟಿಕ್ ನಳಿಕೆ, ತಂತಿಯಿಂದ ಸುಳ್ಳು ಸಸಿಗಳನ್ನು ಮಾಡಿ ನೆಟ್ಟಿದ್ದರಂತೆ. ರೋಗವಿಲ್ಲ, ಹಸಿವಿಲ್ಲ, ಬಿಸಿಲು ಬೇಡ. ಮೇಲಿಂದ ಬೀಳುವ ಕೊಂಬೆ, ಸೋಗೆ, ಓಡಾಡುವ ಪ್ರಾಣಿಗಳಿಂದ ಎಷ್ಟು ಸಸಿ ನೆಲಕಚ್ಚುತ್ತವೆ ಎಂದು ತಿಳಿಯಲು ಆ ಉಪಾಯ. 1989ರಲ್ಲಿ ಪ್ರಕಟವಾದ ಕೆಲಸ. ಸೊಸೆ ಅದನ್ನು ನಮ್ಮ ಬೆಟ್ಟದಲ್ಲೂ ಮಾಡಿ ನೋಡೋಣ ಎಂದಾಗ ನನಗೆ ಹೋದ ಜೀವ ಬಂತು. ಕಡೆಗೂ ನನ್ನ ಕೈಯಲ್ಲಿ ಸಾಯಲಾರದ ಗಿಡ! ಹುರುಪಿನಿಂದ ನೆಟ್ಟೆ. ಮೊದಲ ಗಾಳಿಮಳೆಗೆ ಒಂದು ಒಣ ಟೊಂಗೆ ಮುರಿದು ಸಾಲಿನ ಮೇಲೆ ಮಲಗಿತು. ಉಳಿದವನ್ನು ಪಕ್ಕದ ಮನೆಯ ದನ ಕಿತ್ತು, ಜಗಿದು, ರುಚಿಸದೆ ಉಗುಳಿತು. ನಾನು ನೆಟ್ಟದ್ದು ಎಂದು ಅದಕ್ಕೂ ಗೊತ್ತಾಗಿರಬೇಕು.

ಆದರೆ ಇಡೀ ಪ್ರಕರಣದಲ್ಲಿ ನನ್ನ ನಿದ್ದೆ ಕೆಡಿಸಿದ ಸಂಗತಿ ಬೇರೆ. ಆ ಯುಪಟೋರಿಯಂ ಕೀಳುವ ಭರದಲ್ಲಿ ಪಾದದೆತ್ತರದ ಒಂದು ಬಡಕಲು ಕಡ್ಡಿಯನ್ನೂ ಕಿತ್ತು ಬಿಸಾಡಿದ್ದೆ. ನಾಲ್ಕು ಎಲೆ, ಅದರಲ್ಲಿ ಎರಡಕ್ಕೆ ಪಾಚಿ. ಕಳೆ ಅಲ್ಲದಿದ್ದರೂ ಕಳೆದುಕೊಂಡರೆ ನಷ್ಟವಿಲ್ಲದ ಗಿಡ ಎಂದು ಯಾರಾದರೂ ಹೇಳುತ್ತಿದ್ದರು. ಸೊಸೆ ಅದನ್ನು ಕೈಗೆತ್ತಿಕೊಂಡು ಬುಡ ತಿರುಗಿಸಿ ನೋಡಿದಳು. ನಾನು ನೆಟ್ಟದ್ದಲ್ಲ, ತಾನೇ ಹುಟ್ಟಿದ ಧೂಪ. ನಾನು ಬೆಂಗಳೂರಿನಲ್ಲಿದ್ದಾಗಲೇ ಅಲ್ಲಿ ಇದ್ದಿರಬಹುದಂತೆ. ವಯಸ್ಸು ನಿಖರವಾಗಿ ಹೇಳಲು ಬರುವುದಿಲ್ಲ, ಮಳೆಕಾಡಿನ ಬಹಳಷ್ಟು ಮರಗಳಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡುವುದಿಲ್ಲ. ಅದೇ ಕಾನೆಲ್ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕಾಡಿನಲ್ಲಿ 1960ರ ದಶಕದಲ್ಲಿ ಸಸಿಗಳಿಗೆ ಗುರುತು ಕಟ್ಟಿ ಲೆಕ್ಕ ಇಡಲು ಶುರುಮಾಡಿದರು, ದಶಕಗಳ ನಂತರವೂ ಕೆಲವು ಗಿಡ್ಡಗಿಡ್ಡವಾಗಿಯೇ ಬದುಕಿದ್ದವು. ಇಂಥ ಸಸಿಗಳಿಗೆ ಪರಿಸರ ವಿಜ್ಞಾನಿಗಳು ‘ಆಸ್ಕರ್’ ಎನ್ನುತ್ತಾರೆ. ಗುಂಟರ್ ಗ್ರಾಸ್‌ನ 1959ರ ಕಾದಂಬರಿ ‘ಟಿನ್ ಡ್ರಮ್’ನಲ್ಲಿ ಮೂರನೇ ವರ್ಷಕ್ಕೆ ಇನ್ನು ಬೆಳೆಯುವುದಿಲ್ಲ ಎಂದು ಹಟ ಹಿಡಿಯುವ ಹುಡುಗನ ಹೆಸರು ಅದು. ಸಸಿಯದು ಹಟವಲ್ಲ. ಟೋಕನ್ ಹಿಡಿದು ಬ್ಯಾಂಕಿನ ಬೆಂಚಿನ ಮೇಲೆ ಕೂತ ಗಿರಾಕಿಯ ಕಾಯುವಿಕೆ. ಪಕ್ಕದ ಹಳೆ ಮರವೊಂದು ಗಾಳಿಗೆ ಉರುಳಬೇಕು, ಸೂರಿನಲ್ಲಿ ಬಾಗಿಲು ತೆರೆಯಬೇಕು, ಆಗ ಅದರ ನಂಬರು ಬರುತ್ತದೆ. ಬಂದ ಮೇಲೆ ಬಳ್ಳಿ ಹಬ್ಬದಿದ್ದರೆ, ಕೊಂಬೆ ಬೀಳದಿದ್ದರೆ, ಮೂವತ್ತು ನಲವತ್ತು ಮೀಟರು. ಅಷ್ಟು ಕಾಲ ಕೂತ ಗಿರಾಕಿಯನ್ನು ನಂಬರು ಬರುವ ಮೊದಲೇ ಕತ್ತು ಹಿಡಿದು ಹೊರಹಾಕಿದ ಮ್ಯಾನೇಜರು ನಾನು. ಸೇವೆಯಲ್ಲಿದ್ದಾಗಲೂ ಅಂಥದ್ದು ಮಾಡಿರಲಿಲ್ಲ.

ಆ ಸಂಜೆಯೇ ಆಯಿ ಬೆಟ್ಟಕ್ಕೆ ಹೋಗುವ ದಾರಿಯ ದಣಪೆ ಹಾಕಿಸಿದಳು. ದನ ಬರಬಾರದು ಎಂದು ಊರವರಿಗೆ ಹೇಳಿದ್ದಾಳೆ. ದನ ಪಕ್ಕದಿಂದ ನುಗ್ಗುತ್ತದೆ. ತಡೆದದ್ದು ನನ್ನನ್ನು.

ಸೊಸೆಯ ಪ್ರಬಂಧ ಮುಗಿಯಿತು. ಕಳೆದ ತಿಂಗಳು ಒಂದು ಪ್ರತಿ ತಂದುಕೊಟ್ಟಳು. ಕೃತಜ್ಞತೆಯಲ್ಲಿ ನನ್ನ ಹೆಸರಿದೆ, ಊಟ ವಸತಿಗಾಗಿ. ಒಳಗೆ, ಲೆಕ್ಕದ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: ‘ಮಾ’ ಗುರುತಿನ ಸಾವುಗಳು ಸ್ವಾಭಾವಿಕವಲ್ಲದ ಕಾರಣ ಕೈಬಿಡಲಾಗಿದೆ.

ನಮ್ಮ ಧೂಪದ ಮರ ಈ ಸಲ ಚೆನ್ನಾಗಿ ಹೂ ಬಿಟ್ಟಿದೆ, ಮಳೆ ಹಿಡಿಯುತ್ತಲೇ ಬೀಜ ಬೀಳುತ್ತವೆ. ಬೇಕಾದವರು ಬನ್ನಿ, ದುಡ್ಡು ಬೇಡ. ಒದ್ದೆ ಗೋಣಿಯಲ್ಲಿ ಒಯ್ದು ಆ ವಾರವೇ ಹಾಕಿ, ಹಗುರ ನೆರಳಿರುವಲ್ಲಿ, ದರಕು ಇದ್ದ ಹಾಗೇ ಬಿಟ್ಟು. ಬೀಜ ಆರಿಸಿಕೊಡಲು ಆಯಿ ಇದ್ದಾಳೆ. ನಾನು ಜಗಲಿಯಲ್ಲಿ ಕೂತಿರುತ್ತೇನೆ. ಸಲಹೆ ಕೇಳಬೇಡಿ, ಕೇಳದಿದ್ದರೂ ಕೊಟ್ಟರೆ ದಯವಿಟ್ಟು ಪಾಲಿಸಬೇಡಿ.